ಕರುಳಿನ ಸಂಕಟ ಮತ್ತು ನರಮಂಡಲ

ಕನ್ನಡದಲ್ಲಿ ‘ಕರುಳು’ ಎಂಬುದು ಕೇವಲ ಒಂದು ಅವಯವದ ಹೆಸರಲ್ಲ. ತಾಯಿಗೆ ಮಗುವಿನ ಮೇಲಿರುವ ಮಮತೆ ಕರುಳೆನಿಸುತ್ತದೆ. ಪರರ ದುಃಖವನ್ನು ಕಂಡಾಗ ಕರುಳು ಚುರ್ರೆನ್ನುತ್ತದೆ. ಅಗಲಿಕೆಯ ಗಳಿಗೆಯಲ್ಲಿ ಕರುಳು ಕಿತ್ತು ಬರುತ್ತದೆ. ಮತ್ಸರಕ್ಕೆ ಹೊಟ್ಟೆಕಿಚ್ಚೆಂದು ಹೆಸರು. ಇನ್ನೊಬ್ಬರ ತಪ್ಪನ್ನು ಮನ್ನಿಸುವುದೆಂದರೆ ಹೊಟ್ಟೆಗೆ ಹಾಕಿಕೊಳ್ಳುವುದು. ‘ಸಂಕಟ’, ‘ತಳಮಳ’ ಎಂಬ ಮಾತುಗಳಂತೂ ಮನಸ್ಸಿನ ವ್ಯಥೆಗೂ ಹೊಟ್ಟೆಯ ಬಾಧೆಗೂ ಸಮಾನವಾಗಿ ಸಲ್ಲುತ್ತವೆ. ಇವೆಲ್ಲ ಆಡುಮಾತಿನ ಅಲಂಕಾರಗಳೆಂದು ತಳ್ಳಿಹಾಕುವಂತಿಲ್ಲ. ಕರುಳಿಗೂ ಮೆದುಳಿಗೂ ನಡುವೆ ಹಗಲಿರುಳೂ ಎಡೆಬಿಡದೆ ಸಂವಾದವೊಂದು ನಡೆದಿರುತ್ತದೆಂಬುದನ್ನು ಶರೀರವಿಜ್ಞಾನವು ಇಂದು ಪ್ರಯೋಗಗಳಿಂದ ಸಿದ್ಧಪಡಿಸಿದೆ. ಆ ಸಂವಾದವು ಕೆಟ್ಟಾಗ ಉಂಟಾಗುವ ಒಂದು ಬೇನೆಯೇ ಪ್ರಕೃತ ಲೇಖನದ ವಿಷಯ. ವೈದ್ಯರು ಇದನ್ನು ‘ಇರಿಟೆಬಲ್ ಬವೆಲ್ ಸಿಂಡ್ರೋಮ್’ ಎಂದೂ, ಸಂಕ್ಷೇಪವಾಗಿ ‘ಐ.ಬಿ.ಎಸ್.’ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ‘ಕೆರಳುಗರುಳಿನ ಬೇನೆ’ ಎನ್ನಬಹುದು.

ಈ ಬೇನೆಯ ವಿಶೇಷವೆಂದರೆ, ಅದನ್ನು ಅನುಭವಿಸುವವರಿಗೆ ಅದು ನಿಜ. ನೋಡುವವರಿಗೆ ಅದು ಸುಳ್ಳು. ಇದನ್ನು ಸ್ಪಷ್ಟಪಡಿಸಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳುವುದು ಉಪಯುಕ್ತ.

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಒಂದೆಡೆ ಗುಡ್ಡ, ಇನ್ನೊಂದೆಡೆ ಅರಬ್ಬೀ ಸಮುದ್ರ ಇವುಗಳ ನಡುವೆ ಬಿಣಗಾ ಎಂಬ ಊರಿದೆ. ಅಲ್ಲಿ ವಾಸಿಸುತ್ತ, ಅಂಕೋಲೆಯ ಶಾಲೆಯೊಂದಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಮೂವತ್ತೈದರ ಒಬ್ಬ ಅಧ್ಯಾಪಿಕೆಯನ್ನು ಊಹಿಸಿಕೊಳ್ಳಬೇಕು. ಇವಳು ನಿರ್ದಿಷ್ಟ ವ್ಯಕ್ತಿಯಲ್ಲ. ವೈದ್ಯರ ಬಳಿಗೆ ಬರುವ ಅನೇಕರ ವೃತ್ತಾಂತಗಳನ್ನು ಕೂಡಿಸಿ ಮಾಡಿದ ದೃಷ್ಟಾಂತ. ಎರಡು ಮಳೆಗಾಲಗಳ ಹಿಂದೆ ಇವಳಿಗೆ ಜ್ವರ, ಭೇದಿ ಆದವು, ವಾರದಲ್ಲಿ ವಾಸಿಯಾದವು. ಆದರೆ ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ಊಟವಾದ ಕೂಡಲೆ ನುಲಿತ. ಬಸ್ಸು ಏರುವ ಹೊತ್ತಿಗೆ ಶೌಚದ ಒತ್ತಡ. ಹೋಗಿಬಂದರೆ ತುಸು ನೆಮ್ಮದಿ, ಅರ್ಧಗಂಟೆಯಲ್ಲಿ ಮತ್ತೆ ನೋವು. ಔಷಧದಂಗಡಿಯಿಂದ ತಂದ ‘ಗ್ಯಾಸ್ಟ್ರಿಕ್’ ಮಾತ್ರೆಗಳು ಫಲಿಸಲಿಲ್ಲ. ರಕ್ತ, ಮಲ, ಸ್ಕ್ಯಾನ್, ಕೊನೆಗೆ ಕೊಲೊನೋಸ್ಕೋಪಿ—ಎಲ್ಲವೂ ಆದವು. ಎಲ್ಲದರಲ್ಲಿಯೂ ಬರೆದದ್ದು ಒಂದೇ: ‘ನಾರ್ಮಲ್’. ಮನೆಯಲ್ಲಿ ಅತ್ತೆಯವರು ಕೇಳುತ್ತಾರೆ: “ರಿಪೋರ್ಟಿನಲ್ಲಿ ಏನೂ ಇಲ್ಲವಂತಲ್ಲ, ಮತ್ತೆ ನೋವು ಎಲ್ಲಿಂದ ಬರ್ತದೆ?”

ಈ ಪ್ರಶ್ನೆ ಕಠಿನವೆನಿಸಿದರೂ ಅಸಂಗತವಲ್ಲ. ಅದಕ್ಕೆ ಉತ್ತರವಿದೆ, ಆ ಉತ್ತರ ದೊರೆಯುವುದು ನರಮಂಡಲದಲ್ಲಿ.

ಬೇನೆಯ ಲಕ್ಷಣ

ರೋಮ್ ನಗರದ ಹೆಸರಿನಿಂದ ಪ್ರಸಿದ್ಧವಾದ ಅಂತರರಾಷ್ಟ್ರೀಯ ತಜ್ಞಮಂಡಲಿಯು 2016ರಲ್ಲಿ ಪ್ರಕಟಿಸಿದ ನಿರ್ಣಯದಂತೆ, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಮರಮರಳಿ ಬರುತ್ತಿರಬೇಕು. ಆ ನೋವಿಗೆ ಮಲವಿಸರ್ಜನೆಯೊಡನೆ ಸಂಬಂಧ, ಅದರ ಸಂಖ್ಯೆಯಲ್ಲಿ ವ್ಯತ್ಯಾಸ, ಮಲದ ರೂಪದಲ್ಲಿ ವ್ಯತ್ಯಾಸ ಎಂಬ ಮೂರರಲ್ಲಿ ಎರಡಾದರೂ ಇರಬೇಕು. ತೊಂದರೆಯು ಆರು ತಿಂಗಳಿಗೆ ಮೊದಲೇ ಆರಂಭವಾಗಿರಬೇಕು. ಕೆಲವರಲ್ಲಿ ಭೇದಿ ಪ್ರಧಾನ, ಕೆಲವರಲ್ಲಿ ಮಲಬದ್ಧತೆ ಪ್ರಧಾನ, ಮತ್ತೆ ಕೆಲವರಲ್ಲಿ ಎರಡೂ ಸರದಿಯಂತೆ ಬರುತ್ತವೆ. ಆದರೆ ನೋವು ಎಲ್ಲರಿಗೂ ಸಮಾನ. ಭಾರತೀಯ ಜಠರ-ಕರುಳು ತಜ್ಞರ ಸಂಘದ ಕಾರ್ಯಪಡೆಯು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 4500 ಜನಸಾಮಾನ್ಯರನ್ನು ವಿಚಾರಿಸಿದಾಗ 189 ಮಂದಿಯಲ್ಲಿ, ಎಂದರೆ ಶೇಕಡಾ 4.2ರಷ್ಟು ಜನರಲ್ಲಿ, ಈ ಬೇನೆ ಕಂಡುಬಂದಿತು. ಗಂಡಸರು ಹೆಂಗಸರೆಂಬ ಭೇದ ಹೆಚ್ಚಾಗಿ ಕಾಣಲಿಲ್ಲ.

ಭಾಷಾಭ್ಯಾಸಿಗಳಿಗೆ ಸ್ವಾರಸ್ಯವೆನಿಸುವ ಒಂದು ಸಂಗತಿ ಇಲ್ಲಿದೆ. 2016ಕ್ಕೆ ಮುಂಚಿನ ನಿರ್ಣಯದಲ್ಲಿ ‘ನೋವು’ ಎಂಬುದರ ಜೊತೆಗೆ ‘ಅಸೌಖ್ಯ’ ಎಂಬರ್ಥದ ಇಂಗ್ಲಿಷ್ ಪದವೂ ಇದ್ದಿತು. ಆ ಪದಕ್ಕೆ ಕೆಲವು ಭಾಷೆಗಳಲ್ಲಿ ಸಮಾನಪದವಿಲ್ಲ, ಇದ್ದ ಕಡೆ ಅರ್ಥ ಬೇರೆಯಾಗುತ್ತದೆ ಎಂಬ ಕಾರಣದಿಂದ ತಜ್ಞರು ಅದನ್ನು ಕೈಬಿಟ್ಟರು. ರೋಗವನ್ನು ಗುರುತಿಸುವಲ್ಲಿ ಭಾಷೆಯ ಪಾತ್ರವೆಷ್ಟೆಂಬುದಕ್ಕೆ ಇದೇ ಸಾಕ್ಷಿ. ಕನ್ನಡದಲ್ಲಿ ನುಲಿತ, ಮುರಿತ, ಉಬ್ಬರ, ತೊಳಸು, ತಳಮಳ ಎಂದು ಹೊಟ್ಟೆಯ ಬಾಧೆಗಳಿಗೆ ಬೇರೆಬೇರೆ ಹೆಸರುಗಳುಂಟು. ಇವೆಲ್ಲವನ್ನೂ ಬಿಟ್ಟು ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತನ್ನು ಹೇಳುವ ರೋಗಿಯು ವೈದ್ಯರಿಗೆ ದಾರಿ ತೋರಿಸಬಲ್ಲ ವಿವರಗಳನ್ನು ತಾನೇ ಮರೆಮಾಡಿದಂತಾಗುತ್ತದೆ.

ಕರುಳಿನ ಸ್ವಂತ ನರಜಾಲ

ನೋವಿನ ಕೇಡನ್ನು ಅರಿಯುವುದಕ್ಕೆ ಮೊದಲು ಆರೋಗ್ಯದ ಸ್ಥಿತಿಯನ್ನು ಅರಿಯಬೇಕು. ಅನ್ನನಾಳದಿಂದ ಗುದದವರೆಗೆ ಜೀರ್ಣನಾಳದ ಗೋಡೆಯೊಳಗೆ ನರಕೋಶಗಳ ಎರಡು ಜಾಲಗಳು ಹಬ್ಬಿಕೊಂಡಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇವನ್ನು ಕಂಡುಹಿಡಿದ ಜರ್ಮನಿಯ ಮೈಸ್ನರ್ ಮತ್ತು ಔಅರ್‌ಬಾಖ್ ಎಂಬವರ ಹೆಸರುಗಳನ್ನೇ ಅವು ಇಂದಿಗೂ ಧರಿಸಿವೆ. ಇವುಗಳಲ್ಲಿರುವ ನರಕೋಶಗಳ ಸಂಖ್ಯೆ ಹತ್ತು ಕೋಟಿಗೂ ಮೀರಿದ್ದು. 1899ರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು, ಹೊರಗಿನಿಂದ ಬರುವ ನರಗಳನ್ನೆಲ್ಲ ಕಡಿದರೂ ಕರುಳು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದೆಂದು ತೋರಿಸಿದರು. ಆಹಾರದ ತುತ್ತು ಇರುವ ಜಾಗದ ಹಿಂಭಾಗ ಸಂಕುಚಿಸುತ್ತದೆ, ಮುಂಭಾಗ ಸಡಿಲಗೊಳ್ಳುತ್ತದೆ. ತುತ್ತು ಮುಂದೆ ಸಾಗುತ್ತದೆ. 1921ರಲ್ಲಿ ಲ್ಯಾಂಗ್ಲಿ ಎಂಬ ಶರೀರಶಾಸ್ತ್ರಜ್ಞನು ಇದನ್ನು ಸ್ವಾಯತ್ತ ನರಮಂಡಲದ ಒಂದು ಪ್ರತ್ಯೇಕ ವಿಭಾಗವೆಂದು ಪರಿಗಣಿಸಿದನು.

ಹೀಗೆ ಕರುಳು ತನ್ನ ಮನೆವಾರ್ತೆಯನ್ನು ತಾನೇ ನೋಡಿಕೊಂಡರೂ ಮೆದುಳಿಗೆ ವರದಿ ಸಲ್ಲಿಸುತ್ತಲೇ ಇರುತ್ತದೆ. ವರದಿ ಹೋಗುವ ಮಾರ್ಗಗಳು ಎರಡು. ಒಂದು, ‘ವೇಗಸ್’ ಎಂಬ ಉದ್ದನೆಯ ನರ. ಇದರ ತಂತುಗಳಲ್ಲಿ ಸುಮಾರು ಶೇಕಡಾ 80ರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿಯನ್ನೊಯ್ಯುವಂಥವು. ತೃಪ್ತಿ, ಓಕರಿಕೆ ಮೊದಲಾದ ಭಾವಗಳು ಮುಖ್ಯವಾಗಿ ಈ ಮಾರ್ಗದವು. ಇನ್ನೊಂದು, ಮೆದುಳುಬಳ್ಳಿಯ ಮೂಲಕ ಏರುವ ಮಾರ್ಗ. ನೋವಿನ ಸುದ್ದಿ ಬಹುಮಟ್ಟಿಗೆ ಹೋಗುವುದು ಇದರಲ್ಲಿಯೇ. ದಿನವಿಡೀ ಈ ಎರಡೂ ಮಾರ್ಗಗಳಲ್ಲಿ ಹರಿಯುವ ಅಸಂಖ್ಯ ವರದಿಗಳಲ್ಲಿ ಬಹುಭಾಗವು ಪ್ರಜ್ಞೆಯ ತನಕ ಬರುವುದೇ ಇಲ್ಲ. ಆರೋಗ್ಯವಂತನಿಗೆ ತನಗೊಂದು ಕರುಳಿದೆಯೆಂಬ ನೆನಪೇ ಇರುವುದಿಲ್ಲ.

ಚರ್ಮದ ನೋವಿಗೂ ಕರುಳಿನ ನೋವಿಗೂ ಅಂತರವಿದೆ. ಬೆರಳಿಗೆ ಮುಳ್ಳು ಚುಚ್ಚಿದರೆ ಜಾಗವನ್ನು ಕಣ್ಣುಮುಚ್ಚಿ ತೋರಿಸಬಹುದು. ಕರುಳಾದರೋ ಕತ್ತರಿಸಿದರೆ ನೋಯುವುದಿಲ್ಲ, ಹಿಗ್ಗಿಸಿದರೆ ನೋಯುತ್ತದೆ. ಅದರಿಂದ ಬರುವ ನೋವಿನ ತಂತುಗಳು ವಿರಳ. ಮೇಲಾಗಿ ಅವು ಮೆದುಳುಬಳ್ಳಿಯಲ್ಲಿ ಚರ್ಮದಿಂದ ಬರುವ ತಂತುಗಳೊಡನೆ ಒಂದೇ ನರಕೋಶದ ಬಳಿ ಕೂಡುತ್ತವೆ. ಆದ್ದರಿಂದ ಮೆದುಳಿಗೆ ಜಾಗದ ನಿಖರತೆ ತಿಳಿಯದು. ಬಿಣಗಾದ ಅಧ್ಯಾಪಿಕೆಯು ವೈದ್ಯರೆದುರು ಅಂಗೈಯನ್ನೇ ಹೊಟ್ಟೆಯ ತುಂಬ ಆಡಿಸಿ “ಇಲ್ಲೆಲ್ಲ” ಎಂದು ಹೇಳಿದರೆ ಅದು ಅವಳ ಸುಳ್ಳಿನ ಲಕ್ಷಣವಲ್ಲ. ಒಳಾಂಗದ ನೋವಿನ ಸಹಜ ಲಕ್ಷಣ.

ಮೊದಲ ಹಂತ: ಕರುಳಿನ ಗೋಡೆ

ಕೆರಳುಗರುಳಿನ ಬೇನೆಯಲ್ಲಿ ಈ ಸುದ್ದಿಯ ಮಾರ್ಗವು ಮೂರು ಹಂತಗಳಲ್ಲಿ ಕೆಡಬಹುದು. ಮೊದಲನೆಯದು ಕರುಳಿನ ಗೋಡೆಯಲ್ಲೇ.

1973ರಲ್ಲಿ ಇಂಗ್ಲೆಂಡಿನ ರಿಚೀ ಎಂಬ ವೈದ್ಯನು ದೊಡ್ಡಕರುಳಿನ ಕೆಳಭಾಗದಲ್ಲಿ ಸಣ್ಣ ಬಲೂನೊಂದನ್ನಿಟ್ಟು ಗಾಳಿ ತುಂಬಿಸುತ್ತ ಹೋದನು. 60 ಮಿಲಿಲೀಟರಿನಷ್ಟು ಗಾಳಿ ತುಂಬಿದಾಗ ಈ ಬೇನೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೋವೆಂದರು. ಬೇನೆಯಿಲ್ಲದವರಲ್ಲಿ ಹಾಗೆಂದವರು ಶೇಕಡಾ 6 ಮಾತ್ರ. ಹಿಗ್ಗಿದ ಅಳತೆ ಒಂದೇ, ನೋವು ಮಾತ್ರ ಬೇರೆ. 1975ರಲ್ಲಿ ಅಮೆರಿಕದ ಲೆವಿಟ್ ಮತ್ತು ಸಂಗಡಿಗರು, ಹೊಟ್ಟೆಯಲ್ಲಿ ವಾಯು ಹೆಚ್ಚಾಗಿದೆಯೆಂದು ನರಳುವವರ ಕರುಳಿನಲ್ಲಿದ್ದ ವಾಯುವನ್ನೇ ಅಳೆದು ನೋಡಿದರು. ಅದು ಆರೋಗ್ಯವಂತರಲ್ಲಿರುವಷ್ಟೇ ಇದ್ದಿತು! ಹೆಚ್ಚಾಗಿದ್ದುದು ವಾಯುವಲ್ಲ, ವಾಯುವಿನ ಅರಿವು. ಈ ಅತಿಸಂವೇದನೆಯು ಎಲ್ಲ ರೋಗಿಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಆದರೆ ಗಣನೀಯ ಸಂಖ್ಯೆಯವರಲ್ಲಿ ಇದ್ದೇ ಇರುತ್ತದೆ.

ಈ ಸಂವೇದನೆ ಹೆಚ್ಚುವುದು ಹೇಗೆ? ಒಂದು ಕಾರಣ, ಹಿಂದಿನ ಸೋಂಕು. 1962ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ಚೌಧರಿ ಮತ್ತು ಟ್ರೂಲವ್ ಎಂಬವರು 130 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ, ಹಲವರಿಗೆ ಬೇನೆಯು ಆಮಶಂಕೆಯ ಬೆನ್ನಿಗೇ ಆರಂಭವಾದುದನ್ನು ಗುರುತಿಸಿದ್ದರು. ಇದಕ್ಕೆ ದೊಡ್ಡ ಪ್ರಮಾಣದ ಪುರಾವೆ ಒದಗಿದ್ದು ಒಂದು ದುರಂತದಿಂದ. ಕೆನಡಾದ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯುವ ನೀರು ಕಲುಷಿತವಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಏಳು ಮಂದಿ ಮಡಿದರು. ಎರಡು ವರ್ಷಗಳ ಅನಂತರ ವಿಚಾರಿಸಿದಾಗ, ಆಗ ಭೇದಿಯಾಗದೆ ಉಳಿದವರಲ್ಲಿ ಸುಮಾರು ಶೇಕಡಾ 10ರಷ್ಟು ಮಂದಿಗೆ ಈ ಬೇನೆಯಿದ್ದರೆ, ವೈದ್ಯಕೀಯವಾಗಿ ಗುರುತಿಸಲ್ಪಟ್ಟ ಭೇದಿಯಾದವರಲ್ಲಿ ಶೇಕಡಾ 36ರಷ್ಟು ಮಂದಿಗೆ ಇದ್ದಿತು. ಕ್ರಿಮಿಗಳು ಎಂದೋ ಹೋಗಿದ್ದವು. ಅವು ಕೆರಳಿಸಿದ ನರಗಳು ಇನ್ನೂ ಶಮನಗೊಂಡಿರಲಿಲ್ಲ. ಮಳೆಗಾಲದ ಭೇದಿಯು ಸಾಮಾನ್ಯವಾಗಿರುವ ಕರಾವಳಿಯ ಊರುಗಳಿಗೆ ಇದು ಅನ್ವಯಿಸದ ಮಾತಲ್ಲ. ಜೂನ್ ತಿಂಗಳಿನಿಂದ ಬಾವಿಯ ನೀರನ್ನು ಕುದಿಸಿ ಕುಡಿಯುವ ಅಭ್ಯಾಸವು ಅಂದಿನ ಭೇದಿಯನ್ನು ತಡೆಯುವಂತೆಯೇ ಮುಂದಿನ ಅನೇಕ ವರ್ಷಗಳ ನೋವನ್ನೂ ತಡೆಯಬಹುದು.

ಗೋಡೆಯೊಳಗೆ ನಡೆಯುವುದೇನೆಂಬುದೂ ಈಗ ತಕ್ಕಮಟ್ಟಿಗೆ ತಿಳಿದಿದೆ. ರೋಗರಕ್ಷಣೆಗೆ ಸೇರಿದ ‘ಮಾಸ್ಟ್’ ಎಂಬ ಕೋಶಗಳು ಅಲ್ಲಿವೆ. ಅವು ಒಡೆದಾಗ ಹಿಸ್ಟಮೀನ್ ಮುಂತಾದ ದ್ರವ್ಯಗಳನ್ನು ಚೆಲ್ಲುತ್ತವೆ. 2004ರಲ್ಲಿ ಇಟಲಿಯ ಬಾರ್ಬರಾ ಮತ್ತು ಸಂಗಡಿಗರು, ಈ ಕೋಶಗಳು ನರತಂತುಗಳಿಗೆ ಎಷ್ಟು ಸಮೀಪದಲ್ಲಿರುವವೋ ರೋಗಿಯ ನೋವೂ ಅಷ್ಟು ಹೆಚ್ಚಾಗಿರುವುದನ್ನು ಕಂಡರು. 2021ರಲ್ಲಿ ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕರುಳಿನ ಸೋಂಕಿನ ಕಾಲದಲ್ಲಿ ಇಲಿಗಳಿಗೆ ಒಂದು ಆಹಾರವನ್ನು ಕೊಟ್ಟರೆ, ಸೋಂಕು ಹೋದ ಮೇಲೂ ಅದೇ ಆಹಾರವು ಕರುಳಿಗೆ ಶತ್ರುವಿನಂತೆ ಕಂಡು, ಮಾಸ್ಟ್ ಕೋಶಗಳು ಒಡೆದು ನರಗಳು ಕೆರಳುವುದನ್ನು ಅವರು ತೋರಿಸಿದರು. ಈ ಬೇನೆಯ 12 ರೋಗಿಗಳ ದೊಡ್ಡಕರುಳಿನ ಒಳಪದರಕ್ಕೆ ಗೋಧಿ, ಹಾಲು, ಸೋಯಾ ಮೊದಲಾದವುಗಳ ಅಂಶವನ್ನು ಸೂಜಿಯಿಂದ ಹಾಕಿದಾಗ, 12 ಮಂದಿಯೂ ಒಂದಲ್ಲ ಒಂದಕ್ಕೆ ಪ್ರತಿಕ್ರಿಯೆ ತೋರಿದರು. 8 ಆರೋಗ್ಯವಂತರಲ್ಲಿ ಹಾಗೆ ತೋರಿದವರು ಇಬ್ಬರೇ. ಸಂಖ್ಯೆ ಚಿಕ್ಕದಾದರೂ ಸೂಚನೆ ದೊಡ್ಡದು. ಊಟವಾದ ಕೂಡಲೆ ನೋವು ಬರುತ್ತದೆಂಬ ರೋಗಿಯ ಮಾತು ಬರಿಯ ನೆವವಲ್ಲವೆಂದು ಇದರಿಂದ ವ್ಯಕ್ತವಾಗುತ್ತದೆ. ಇಂಥ ಬದಲಾವಣೆ ಕೊಲೊನೋಸ್ಕೋಪಿಯ ಕಣ್ಣಿಗೆ ಬೀಳುವಂಥದಲ್ಲ. ಆ ಉಪಕರಣವು ಹುಣ್ಣನ್ನು, ಗಂಟನ್ನು ತೋರಿಸಬಲ್ಲುದು. ನರತಂತುವಿನ ಕೆರಳಿಕೆಯನ್ನು ತೋರಿಸಲಾರದು.

ಎರಡನೆಯ ಹಂತ: ಮೆದುಳುಬಳ್ಳಿ

ಕರುಳಿನಿಂದ ಹೊರಟ ಸುದ್ದಿಯು ಮೊದಲು ತಲುಪುವುದು ಮೆದುಳುಬಳ್ಳಿಯನ್ನು. ಅದು ಬರಿಯ ತಂತಿಯಲ್ಲ, ಒಂದು ಬಾಗಿಲು ಎಂಬ ಸಿದ್ಧಾಂತವನ್ನು 1965ರಲ್ಲಿ ಮೆಲ್ಝಾಕ್ ಮತ್ತು ವಾಲ್ ಎಂಬವರು ಮಂಡಿಸಿದರು. ಇದನ್ನು ಉತ್ತರ ಕನ್ನಡದ ಕರಾವಳಿಯವರಿಗೆ ವಿವರಿಸುವುದು ಸುಲಭ. ಅಂಕೋಲೆ, ಕುಮಟೆಗಳ ಗಜನಿ ಗದ್ದೆಗಳಿಗೆ ಕಟ್ಟೆ ಹಾಕಿ, ಕಟ್ಟೆಯಲ್ಲಿ ಬಾಗಿಲುಗಳನ್ನಿಡುತ್ತಾರೆ. ಉಬ್ಬರದ ಉಪ್ಪುನೀರು ಎಷ್ಟು ಒಳಗೆ ಬರಬೇಕೆಂಬುದನ್ನು ಆ ಬಾಗಿಲು ನಿರ್ಧರಿಸುತ್ತದೆ. ಮೆದುಳುಬಳ್ಳಿಯಲ್ಲಿಯೂ ಹಾಗೆಯೇ: ಕೆಳಗಿನಿಂದ ಬರುವ ನೋವಿನ ಸುದ್ದಿಯಲ್ಲಿ ಎಷ್ಟು ಮೇಲೆ ಹೋಗಬೇಕೆಂಬುದನ್ನು ಅಲ್ಲಿಯ ನರಕೋಶಗಳು ನಿರ್ಧರಿಸುತ್ತವೆ. ಹೊಟ್ಟೆನೋವಿದ್ದಾಗ ಕೈ ತಾನಾಗಿ ಹೊಟ್ಟೆಯನ್ನು ನೀವುವುದು, ಬಿಸಿನೀರಿನ ಶಾಖದಿಂದ ಹಾಯೆನಿಸುವುದು—ಇವುಗಳಿಗೆ ಈ ಸಿದ್ಧಾಂತವು ವಿವರಣೆ ಕೊಡುತ್ತದೆ. ಸ್ಪರ್ಶದ ಸುದ್ದಿಯು ನೋವಿನ ಸುದ್ದಿಗೆ ಬಾಗಿಲನ್ನು ಕಿರಿದುಮಾಡುತ್ತದೆ.

ಆದರೆ ಬಹುಕಾಲ ಪ್ರವಾಹ ಬಡಿದ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. 1983ರಲ್ಲಿ ವೂಲ್ಫ್ ಎಂಬ ವಿಜ್ಞಾನಿಯು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಗಾಯವೊಂದರಿಂದ ಬರುವ ನೋವಿನ ಸುದ್ದಿಗಳು ಮೆದುಳುಬಳ್ಳಿಯ ಸ್ವಭಾವವನ್ನೇ ಬದಲಿಸುತ್ತವೆಂದು ತೋರಿಸಿದನು. ಆಮೇಲೆ ಅಲ್ಪ ಪ್ರಚೋದನೆಗೂ ಅದು ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಗಾಯವಿಲ್ಲದ ಕಡೆಯಿಂದ ಬಂದ ಸ್ಪರ್ಶವೂ ನೋವಾಗುತ್ತದೆ. ನರಮಂಡಲವು ನೋವನ್ನು ಒಂದು ಪಾಠದಂತೆ ಕಲಿಯುತ್ತದೆ ಎಂದರೂ ತಪ್ಪಾಗದು. ಕಲಿತ ಪಾಠವು, ಕಲಿಸಿದವನು ಹೋದ ಮೇಲೂ ಉಳಿಯುತ್ತದೆ.

ಮೂರನೆಯ ಹಂತ: ಮೆದುಳು

ನೋವು ನೋವೆಂದು ಅನುಭವವಾಗುವುದು ಮೆದುಳಿನಲ್ಲಿ. ಅಲ್ಲಿ ಎಲ್ಲಿ ನೋಯುತ್ತಿದೆ, ಎಷ್ಟು ನೋಯುತ್ತಿದೆ ಎಂಬುದನ್ನು ತಿಳಿಯುವ ಭಾಗಗಳು ಬೇರೆ. ಅದು ಎಷ್ಟು ಅಸಹನೀಯ, ಎಷ್ಟು ಭಯಂಕರ ಎಂಬುದನ್ನು ತಿಳಿಯುವ ಭಾಗಗಳು ಬೇರೆ. ಎರಡನೆಯ ಬಗೆಯ ಕೆಲಸದಲ್ಲಿ ಮುಖ್ಯವಾದುದು ಮೆದುಳಿನ ನಡುಭಾಗದ ಮುಂದಿರುವ ‘ಸಿಂಗ್ಯುಲೇಟ್’ ಎಂಬ ಪದರ. 2000ದಲ್ಲಿ ಅಮೆರಿಕದಲ್ಲಿ ನಡೆದ ಮೆದುಳಿನ ಚಿತ್ರಣದ ಅಧ್ಯಯನವೊಂದರಲ್ಲಿ, ಗುದನಾಳವನ್ನು ನೋವಾಗುವಷ್ಟು ಹಿಗ್ಗಿಸಿದಾಗ ಈ ಬೇನೆಯವರಲ್ಲಿ ಈ ಪದರವು ಆರೋಗ್ಯವಂತರಿಗಿಂತ ಹೆಚ್ಚಾಗಿ ಚುರುಕಾದುದು ಕಂಡಿತು.

ಮೆದುಳು ಸುದ್ದಿಯನ್ನು ಸ್ವೀಕರಿಸುವುದು ಮಾತ್ರವಲ್ಲ, ಕೆಳಕ್ಕೆ ಆಜ್ಞೆಯನ್ನೂ ಕಳುಹಿಸುತ್ತದೆ. 1969ರಲ್ಲಿ ರೆನಲ್ಡ್ಸ್ ಎಂಬವನು ಇಲಿಯ ನಡುಮೆದುಳಿನ ಒಂದು ಭಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟು, ಅರಿವಳಿಕೆಯಿಲ್ಲದೆಯೇ ಶಸ್ತ್ರಕ್ರಿಯೆ ಮಾಡಬಹುದೆಂದು ತೋರಿಸಿದನು. ಎಂದರೆ ನೋವನ್ನು ತಡೆಯುವ ಶಕ್ತಿಯನ್ನು ಪ್ರಕೃತಿಯೇ ಮೆದುಳಿನಲ್ಲಿಟ್ಟಿದೆ. ಇದರ ಫಲವಾಗಿ ದೇಹದ ಒಂದು ಕಡೆಯ ನೋವು ಇನ್ನೊಂದು ಕಡೆಯ ನೋವನ್ನು ತಗ್ಗಿಸುತ್ತದೆ. ಆದರೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೇಹದ ಇನ್ನೊಂದು ಭಾಗವನ್ನು ಮಂಜಿನ ನೀರಿನಲ್ಲಿ ಅದ್ದಿದಾಗ ಆರೋಗ್ಯವಂತರ ಕರುಳಿನ ನೋವು ತಗ್ಗಿತು. ಈ ಬೇನೆಯವರಲ್ಲಿ ಆ ತಡೆ ಸರಿಯಾಗಿ ಕೆಲಸ ಮಾಡಲಿಲ್ಲ. ಅವರ ಮೆದುಳಿಗೆ ಸುದ್ದಿ ಜೋರಾಗಿ ಬರುತ್ತದೆ. ಅದನ್ನು ತಗ್ಗಿಸುವ ಕೈ ಮಾತ್ರ ಸೋತಿರುತ್ತದೆ.

ಇದಕ್ಕೆ ಭಯವೂ ಸೇರುತ್ತದೆ. ಬಸ್ಸಿನಲ್ಲಿ ಶೌಚಕ್ಕೆ ಅವಕಾಶವಿಲ್ಲವೆಂದು ಅಧ್ಯಾಪಿಕೆಗೆ ಗೊತ್ತು. ಬಿಣಗಾದ ನಿಲ್ದಾಣದಲ್ಲಿ ನಿಂತಾಗಲೇ ಅವಳ ಗಮನವೆಲ್ಲ ಹೊಟ್ಟೆಯ ಮೇಲಿರುತ್ತದೆ. ಭಯದಿಂದ ಮೆದುಳು ಸ್ರವಿಸುವ ದ್ರವ್ಯಗಳು ದೊಡ್ಡಕರುಳಿನ ಚಲನೆಯನ್ನು ತ್ವರೆಗೊಳಿಸುತ್ತವೆ, ಮಾಸ್ಟ್ ಕೋಶಗಳನ್ನೂ ಕೆರಳಿಸುತ್ತವೆ. ಕರುಳು ನುಲಿಯುತ್ತದೆ, ನುಲಿತವು ಭಯವನ್ನು ಹೆಚ್ಚಿಸುತ್ತದೆ. ಹೀಗೆ ಕಾರಣವೇ ಕಾರ್ಯವಾಗಿ, ಕಾರ್ಯವೇ ಕಾರಣವಾಗಿ ಚಕ್ರವು ತಿರುಗುತ್ತದೆ.

ಇದು ಮನಸ್ಸಿನ ರೋಗವೇ?

ಇಷ್ಟನ್ನು ಕೇಳಿದವರು, “ಹಾಗಾದರೆ ಇದು ಮನಸ್ಸಿನ ರೋಗವೆಂದಾಯಿತು” ಎನ್ನಬಹುದು. ಹಾಗೆನ್ನುವುದು ಅವಸರದ ಮಾತು. ಆಸ್ಟ್ರೇಲಿಯದಲ್ಲಿ ಸುಮಾರು ಸಾವಿರ ಜನರನ್ನು ಹನ್ನೆರಡು ವರ್ಷಗಳ ಅಂತರದಲ್ಲಿ ಎರಡು ಬಾರಿ ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ದಾರಿಗಳನ್ನೂ ಕಂಡಿತು. ಮೊದಲು ಚಿಂತೆಯಿದ್ದ ಕೆಲವರಿಗೆ ಮುಂದೆ ಕರುಳಿನ ಬೇನೆ ಬಂದಿತು. ಮೊದಲು ಕರುಳಿನ ಬೇನೆ ಮಾತ್ರವಿದ್ದು ಚಿಂತೆಯಿಲ್ಲದಿದ್ದ ಕೆಲವರಿಗೆ ಮುಂದೆ ಚಿಂತೆ, ಖಿನ್ನತೆಗಳು ಬಂದವು. ಮನಸ್ಸು ಕರುಳನ್ನು ಕೆಡಿಸುವಂತೆ ಕರುಳೂ ಮನಸ್ಸನ್ನು ಕೆಡಿಸುತ್ತದೆ.

ನಮ್ಮ ನಾಡಿನ ಒಂದು ಅಧ್ಯಯನವೂ ಇಲ್ಲಿ ಸ್ಮರಣೀಯ. ಅದು ಕರುಳಿನ ಬೇನೆಯನ್ನು ಕುರಿತದ್ದಲ್ಲ, ದುಃಖವು ದೇಹದ ಭಾಷೆಯಲ್ಲಿ ಹೊರಬರುವುದನ್ನು ಕುರಿತದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ ಮತ್ತು ಅವರ ವಿದೇಶೀ ಸಹೋದ್ಯೋಗಿಗಳು 80 ರೋಗಿಗಳೊಡನೆ ಸಂವಾದಿಸಿ 1996ರಲ್ಲಿ ಪ್ರಕಟಿಸಿದ ಬರಹದಲ್ಲಿ ಹೀಗೊಂದು ಸಂಗತಿ ತಿಳಿಯುತ್ತದೆ: ಖಿನ್ನತೆಯನ್ನು ಹೇಳಿಕೊಳ್ಳುವುದು ರೋಗಿಗಳಿಗೆ ಅಪಮಾನಕರವೆನಿಸುತ್ತಿತ್ತು, ಮೈನೋವನ್ನು ಹೇಳಿಕೊಳ್ಳುವುದರಲ್ಲಿ ಅಷ್ಟು ಅಳುಕಿರಲಿಲ್ಲ, ಏಕೆಂದರೆ ಅದು ಯಾರಿಗಾದರೂ ಬರುವಂಥದು. ಇದರಿಂದ ತಿಳಿಯಬೇಕಾದ ನೀತಿ ಎರಡು ಬಗೆಯದು. ಹೊಟ್ಟೆನೋವೆಂದು ಬಂದವರ ಮನಸ್ಸಿನ ಭಾರವನ್ನೂ ಮೆಲ್ಲನೆ ವಿಚಾರಿಸಬೇಕು. ಆದರೆ ಮನಸ್ಸಿನ ಭಾರ ಕಂಡಿತೆಂದು ಹೊಟ್ಟೆನೋವನ್ನು ಸುಳ್ಳೆನ್ನಬಾರದು. ಮೆದುಳಿನಲ್ಲಿ ಹುಟ್ಟಿದ್ದು ‘ಕಲ್ಪಿತ’ ಎಂದಾದರೆ ಜಗತ್ತಿನ ನೋವೆಲ್ಲವೂ ಕಲ್ಪಿತವೇ, ಏಕೆಂದರೆ ಎಲ್ಲ ನೋವೂ ಅನುಭವವಾಗುವುದು ಅಲ್ಲಿಯೇ.

ಪರಿಹಾರದ ಮಾರ್ಗ

ಮೊದಲು ಎಚ್ಚರಿಕೆಯ ಮಾತು. ಎಲ್ಲ ಹೊಟ್ಟೆನೋವೂ ಈ ಬೇನೆಯಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದೆಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ತೊಂದರೆ, ಕುಟುಂಬದಲ್ಲಿ ಕರುಳಿನ ಅರ್ಬುದದ ಇತಿಹಾಸ—ಇವುಗಳಲ್ಲಿ ಯಾವುದಿದ್ದರೂ ವಿಳಂಬ ಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಮತ್ತು ಪರೋಪಜೀವಿಗಳ ಸೋಂಕುಗಳನ್ನೂ ಮರೆಯುವಂತಿಲ್ಲ. ಇವು ಇಲ್ಲವೆಂದು ವೈದ್ಯರು ನಿರ್ಣಯಿಸಿದ ಮೇಲೆ ಪರೀಕ್ಷೆಗಳನ್ನು ಮತ್ತೆಮತ್ತೆ ಮಾಡಿಸುವುದು ವ್ಯರ್ಥ. ಈ ಬೇನೆಯು ಅರ್ಬುದವಾಗಿ ಬದಲಾಗುವುದಿಲ್ಲ, ಆಯುಸ್ಸನ್ನು ಕಡಿಮೆ ಮಾಡುವುದೂ ಇಲ್ಲ.

ಮೂರು ಹಂತಗಳಲ್ಲಿ ಕೆಟ್ಟದ್ದನ್ನು ಮೂರು ಹಂತಗಳಲ್ಲಿಯೇ ಸರಿಪಡಿಸಬೇಕು. ಕರುಳಿನ ಹಂತದಲ್ಲಿ ಆಹಾರ ಮುಖ್ಯ. ದೊಡ್ಡಕರುಳಿನಲ್ಲಿ ಬೇಗ ಹುಳಿಯಾಗಿ ವಾಯುವನ್ನುಂಟುಮಾಡುವ ಆಹಾರಗಳನ್ನು ಕೆಲವು ವಾರ ಬಿಟ್ಟು, ಅನಂತರ ಒಂದೊಂದಾಗಿ ಸೇರಿಸಿ ನೋಡುವ ಕ್ರಮವನ್ನು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಡಲೆಯಂಥ ಕಾಳುಗಳು, ಹಾಲು, ಮಾವು ಆ ಪಟ್ಟಿಯಲ್ಲಿವೆ. ಅಕ್ಕಿ ಮತ್ತು ಮೀನು ಅದರಲ್ಲಿಲ್ಲ. ಕರಾವಳಿಯ ಅನ್ನ, ಗಂಜಿಗಳ ಊಟವು ಈ ಬೇನೆಯವರಿಗೆ ಸಹಜವಾಗಿಯೇ ಅನುಕೂಲಕರ. ಮಸಾಲೆಗೆ ಬೀಳುವ ಈರುಳ್ಳಿ, ಬೆಳ್ಳುಳ್ಳಿಗಳನ್ನು ಮಾತ್ರ ಪರೀಕ್ಷಿಸಿ ನೋಡಬೇಕು. ಒಬ್ಬರಿಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗಬಹುದು; ಎಲ್ಲವನ್ನೂ ಶಾಶ್ವತವಾಗಿ ತ್ಯಜಿಸಿ ಮೈ ಸೊರಗಿಸಿಕೊಳ್ಳುವುದು ಚಿಕಿತ್ಸೆಯಲ್ಲ. ಕರುಳಿನ ಸೆಳೆತವನ್ನು ಸಡಿಲಿಸುವ ಔಷಧಗಳೂ ಉಂಟು.

ಮೆದುಳುಬಳ್ಳಿ ಮತ್ತು ಮೆದುಳಿನ ಹಂತದಲ್ಲಿ, ನರಗಳ ಸಂವೇದನೆಯನ್ನು ತಗ್ಗಿಸುವ ಔಷಧಗಳಿವೆ. ಖಿನ್ನತೆಗೆಂದು ಬಳಕೆಗೆ ಬಂದ ಅಮಿಟ್ರಿಪ್ಟಿಲಿನ್ ಎಂಬುದನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟು ಇಂಗ್ಲೆಂಡಿನ 463 ರೋಗಿಗಳ ಮೇಲೆ ಆರು ತಿಂಗಳು ನಡೆಸಿದ ಪರೀಕ್ಷೆಯ ಫಲ 2023ರಲ್ಲಿ ಪ್ರಕಟವಾಯಿತು; ಅದು ಹುಸಿಮಾತ್ರೆಗಿಂತ ಉತ್ತಮವೆಂದು ಸಿದ್ಧವಾಯಿತು. ವೈದ್ಯರು ಇಂಥ ಮಾತ್ರೆಯನ್ನು ಬರೆದುಕೊಟ್ಟರೆ, ಚೀಟಿಯನ್ನು ನೋಡಿದ ನೆರೆಯವರು ‘ಇದು ತಲೆಕೆಟ್ಟವರ ಮಾತ್ರೆ’ ಎನ್ನುವುದುಂಟು. ರೋಗಿಯು ಹೆದರಿ ಅದನ್ನು ಬಿಡುವುದೂ ಉಂಟು. ಅಲ್ಲಿ ಅದರ ಕೆಲಸ ನೋವಿನ ಬಾಗಿಲನ್ನು ಕಿರಿದುಮಾಡುವುದು. ಅದನ್ನು ತಾನಾಗಿ ಕೊಂಡು ನುಂಗುವುದೂ ತಪ್ಪು, ವೈದ್ಯರನ್ನು ಕೇಳದೆ ಬಿಡುವುದೂ ತಪ್ಪು.

ಔಷಧವಿಲ್ಲದ ಮಾರ್ಗಗಳೂ ನಿಷ್ಫಲವಲ್ಲ. 1984ರಲ್ಲಿ ಮ್ಯಾಂಚೆಸ್ಟರಿನ ವೋರ್ವೆಲ್ ಎಂಬ ವೈದ್ಯನು, ಬೇರಾವ ಚಿಕಿತ್ಸೆಗೂ ಬಗ್ಗದ 30 ರೋಗಿಗಳನ್ನು ಎರಡು ಗುಂಪು ಮಾಡಿ, ಕರುಳನ್ನೇ ಉದ್ದೇಶಿಸಿದ ಸಮ್ಮೋಹನದಿಂದ ಒಂದು ಗುಂಪಿಗೆ ಗಮನಾರ್ಹ ಉಪಶಮನವಾದುದನ್ನು ವರದಿ ಮಾಡಿದನು. ನಿಧಾನವಾದ ಉಸಿರಾಟ, ಯೋಗಾಭ್ಯಾಸ, ನಿಯಮಿತ ನಿದ್ದೆ, ನಡಿಗೆ ಇವು ಮೆದುಳಿನಿಂದ ಕೆಳಗಿಳಿಯುವ ತಡೆಗೆ ಬಲ ಕೊಡುತ್ತವೆ. ಇವೆಲ್ಲಕ್ಕಿಂತ ಆಶ್ಚರ್ಯಕರವಾದ ಪ್ರಯೋಗ 2010ರಲ್ಲಿ ಅಮೆರಿಕದ ಕ್ಯಾಪ್ಚಕ್ ಮತ್ತು ಸಂಗಡಿಗರದು. 80 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ, ‘ಇದರಲ್ಲಿ ಔಷಧವಿಲ್ಲ’ ಎಂದು ಬಾಯಿಬಿಟ್ಟು ಹೇಳಿಯೇ ಮಾತ್ರೆಗಳನ್ನು ಕೊಟ್ಟರು; ಎರಡು ಗುಂಪಿನವರೊಡನೆಯೂ ಸಮಾನವಾದ ಸೌಜನ್ಯದಿಂದ ಮಾತನಾಡಿದರು. ಮೂರು ವಾರಗಳಲ್ಲಿ ಮಾತ್ರೆ ಪಡೆದವರಲ್ಲಿ ಶೇಕಡಾ 59, ಪಡೆಯದವರಲ್ಲಿ ಶೇಕಡಾ 35 ಮಂದಿ ಸಾಕಷ್ಟು ಗುಣ ಕಂಡಿತೆಂದರು. ವಂಚನೆಯಿಲ್ಲದ ಭರವಸೆಗೂ ನರಮಂಡಲವು ಓಗೊಡುತ್ತದೆ.

ಇದರಿಂದ ಇನ್ನೊಂದು ಸತ್ಯವೂ ಹೊರಡುತ್ತದೆ. ಭರವಸೆಯಿಂದ ನೋವು ತಗ್ಗುವುದಾದರೆ ಅವಿಶ್ವಾಸದಿಂದ ಅದು ಬೆಳೆಯುವುದೂ ಸಹಜ. ‘ಏನೂ ಇಲ್ಲ’ ಎಂಬ ಮಾತನ್ನು ವೈದ್ಯರು ಸಮಾಧಾನಕ್ಕಾಗಿ ಹೇಳಬಹುದು. ನೋಯುತ್ತಿರುವವರ ಕಿವಿಗೆ ಅದು ‘ನೀನು ಸುಳ್ಳಾಡುತ್ತಿರುವೆ’ ಎಂದು ಕೇಳಿಸುತ್ತದೆ. ‘ಹುಣ್ಣಿಲ್ಲ, ಗಂಟಿಲ್ಲ, ಕರುಳಿನ ನರಗಳು ಕೆರಳಿವೆ, ಅವನ್ನು ಶಮನಗೊಳಿಸೋಣ’ ಎಂದರೆ ಸತ್ಯವನ್ನೂ ಹೇಳಿದಂತಾಯಿತು, ಚಿಕಿತ್ಸೆಯನ್ನೂ ಆರಂಭಿಸಿದಂತಾಯಿತು.

ಬಿಣಗಾದ ಆ ಮನೆಯಲ್ಲಿ ಅತ್ತೆಯವರು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನೋವು ಬರುವುದು ರಿಪೋರ್ಟಿನಿಂದಲ್ಲ, ನರಗಳಿಂದ. ಆ ಉತ್ತರವನ್ನು ಕೇಳಿದ ಹಿರಿಯರು ಮರುದಿನ ಬೆಳಗ್ಗೆ ಸೊಸೆಗೆ ಈರುಳ್ಳಿಯಿಲ್ಲದ ಸಾರನ್ನು ಬೇರೆ ಮಾಡಿಟ್ಟು, “ಬಸ್ಸು ಒಂದು ತಪ್ಪಿದರೆ ಇನ್ನೊಂದು ಬರ್ತದೆ, ಅವಸರ ಮಾಡಬೇಡ ಮಾರಾಯ್ತಿ” ಎಂದರೆ, ಅದು ಬರಿಯ ಉಪಚಾರದ ಮಾತಾಗುವುದಿಲ್ಲ. ಆ ಮಾತು ಕಿವಿಯಿಂದ ಮೆದುಳಿಗೆ, ಮೆದುಳಿನಿಂದ ಮೆದುಳುಬಳ್ಳಿಗೆ, ಅಲ್ಲಿಂದ ಕರುಳಿಗೆ ಇಳಿದು ತನ್ನ ಕೆಲಸವನ್ನು ಮಾಡುತ್ತದೆ. ಕರುಳೆಂಬ ಶಬ್ದಕ್ಕೆ ಅಂತಃಕರಣವೆಂಬ ಅರ್ಥವನ್ನೂ ಕೊಟ್ಟ ಭಾಷೆಯನ್ನಾಡುವವರಿಗೆ ಇದನ್ನು ನಂಬುವುದು ಕಷ್ಟವಾಗಲಾರದು.